ದೋಷ ಕಂಡುಬಂದಿಲ್ಲ

ಸುಳ್ಳು ಹೇಳುವವರು ಮೊದಲು ಆಣೆ ಇಡುತ್ತಾರೆ, ಆಮೇಲೆ ಕಥೆ ಬಿಡುತ್ತಾರೆ. ಇದು ನಡೆದದ್ದಾದ್ದರಿಂದ ಆಣೆಯ ಗೊಡವೆಯಿಲ್ಲದೆ ಒಂದು ಸದ್ದಿನಿಂದಲೇ ಶುರುವಾಗುತ್ತದೆ. ಆ ಸದ್ದು ಗಾಡಿಯದಲ್ಲ. ಗಾಡಿಯ ಸದ್ದನ್ನು ಬಾಯಲ್ಲಿ ಮಾಡಿ ತೋರಿಸುತ್ತಿದ್ದ ಡ್ರೈವರಮ್ಮನದು.

"ಊಂ... ಅಂತ ಇಂಜಿನ್ ಕೂಗತ್ತೆ. ಗಾಡಿ ಏರಲ್ಲ, ಜಾರತ್ತೆ. ಆಮೇಲೆ ಕಡ್... ಕಡಕ್!"

"ಕಡಕ್ಕಾ, ಕಟಕ್ಕಾ?" ವರ್ಕ್‌ಶಾಪಿನ ಮೇಸ್ತ್ರಿ ಕಿವಿಯನ್ನು ಮುಂದೆ ಚಾಚಿ ಕೇಳಿದರು.

"ಕಡಕ್."

"ಸೆಕೆಂಡ್ ಗೇರಲ್ಲಿ ಹೇಗನ್ನತ್ತೆ, ಮಾಡಿ ನೋಡೋಣ."

ಅವಳು ಸೆಕೆಂಡ್ ಗೇರಿನದನ್ನೂ ಮಾಡಿದಳು. ಅಷ್ಟು ಹೊತ್ತಿಗೆ ಟೈರ್ ಬಿಚ್ಚುತ್ತಿದ್ದವನು ಟೈರ್ ಬಿಟ್ಟು, ಬಣ್ಣ ಹೊಡೆಯುತ್ತಿದ್ದವನು ಬಣ್ಣ ಬಿಟ್ಟು ಏಳೆಂಟು ಜನ ಸುತ್ತ ನಿಂತಿದ್ದರು. ಎಲ್ಲರ ಮುಖದಲ್ಲೂ ಕಾಯಿಲೆಯವರನ್ನು ನೋಡಲು ಬಂದವರ ಗಾಂಭೀರ್ಯ. "ರಿವರ್ಸಲ್ಲಿ ಹೇಗಕ್ಕಾ?" ಎಂದ ಒಬ್ಬ. ಅವನು ವಯರಿಂಗ್ ಕೆಲಸದವನು, ಯಾರ ದನಿಯನ್ನು ಬೇಕಾದರೂ ತೆಗೆಯುತ್ತಾನೆಂದು ವರ್ಕ್‌ಶಾಪಿನವರೆಲ್ಲ ಅವನನ್ನು ರೇಡಿಯೊ ಎಂದೇ ಕರೆಯುತ್ತಿದ್ದರು. ಅವಳು ರಿವರ್ಸಿನದಕ್ಕೂ ಬಾಯಿ ತೆರೆದಳು. ತುಟಿ ದುಂಡಗಾಗಿ, ಗಂಟಲಲ್ಲಿ ಊಂಕಾರ ಹುಟ್ಟಿ, ಇನ್ನೇನು ಹೊರಬರಬೇಕು, ಹಿಂದೆ ಯಾರೋ ಮೂಗಿನಲ್ಲೇ ಹಿಡಿದಿಟ್ಟಿದ್ದ ನಗು ಸೋರಿದ್ದು ಕೇಳಿಸಿತು. ತೆರೆದ ಬಾಯನ್ನು ಸುಮ್ಮನೆ ಮುಚ್ಚುವುದು ಹೇಗೆಂದು ತಿಳಿಯದೆ ಅವಳು ಆಕಳಿಸಿದಳು. ಬಂದ ಆಕಳಿಕೆಯಲ್ಲ, ತಂದ ಆಕಳಿಕೆ. ಅದನ್ನು ಎಷ್ಟು ಚೆನ್ನಾಗಿ ತಂದಳೆಂದರೆ ಕಣ್ಣಲ್ಲಿ ನೀರೂ ಬಂತು. ನೀರು ಬಂದದ್ದು ಆಕಳಿಕೆಗೇ ಎಂದು ಎಲ್ಲರೂ ನಂಬಲಿ ಎಂದು ಎರಡನೇ ಸಲವೂ ಆಕಳಿಸಿದಳು.

ಗಾಡಿ ಸಂಚಾರಿ ಆಸ್ಪತ್ರೆಯದು. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವಂಥದ್ದು, ಎತ್ತರದ್ದು, ಹಿಂದೆ ಮಂಚ, ಔಷಧಿಯ ಪೆಟ್ಟಿಗೆ, ಡಾಕ್ಟರು ಕೂರುವ ಮಡಚು ಸೀಟು. ಇಂಥವು ನಾಲ್ಕಿದ್ದವು, ನಾಲ್ಕೂ ಗುಡ್ಡದ ಮೇಲಿನ ಬುಡಕಟ್ಟಿನವರ ಹಾಡಿಗಳಿಗೆ ಏರಿ ಇಳಿಯುವಂಥವು, ನಾಲ್ಕನ್ನೂ ನೋಡಿಕೊಳ್ಳುವುದು ಇದೇ ಮೇಸ್ತ್ರಿ. ಮೂರನ್ನು ಗಂಡಸರು ಓಡಿಸುತ್ತಿದ್ದರು. ನಾಲ್ಕನೆಯದು ಅವಳದು, ಅದೂ ಆರು ತಿಂಗಳು ನೋಡಿ ಆಮೇಲೆ ಕಾಯಂ ಮಾಡುವ ಮಾತಿನ ಮೇಲೆ. ಈಗ ನಾಲ್ಕನೇ ತಿಂಗಳು. ಕಳೆದ ವಾರ ಮಣ್ಣಿನ ಏರಿನಲ್ಲಿ ಕಾಲು ಮುರಿದ ಮುದುಕನೊಬ್ಬನನ್ನು ಮಲಗಿಸಿಕೊಂಡು ಹೋಗುವಾಗ ಗಾಡಿ ಮುಂದೆ ಹೋಗುವುದನ್ನು ಮರೆತು ಮೂರು ಗೇಣು ಹಿಂದಕ್ಕೆ ಜಾರಿತ್ತು. ಹಿಂದೆ ಪ್ರಪಾತವೇನೂ ಇರಲಿಲ್ಲ, ಇದ್ದದ್ದು ಒಂದು ಮೋರಿ, ಆದರೆ ಆ ಮೂರು ಗೇಣಿನಲ್ಲಿ ಮುದುಕ 'ಅಯ್ಯೋ' ಎನ್ನುವುದನ್ನು ಅರ್ಧಕ್ಕೇ ನಿಲ್ಲಿಸಿದ್ದ. ಉಳಿದರ್ಧ ಇನ್ನೂ ಅವಳ ಬೆನ್ನ ಹಿಂದೆ ಎಲ್ಲೋ ಕೂತಿತ್ತು. ಆಮೇಲೆ ಕಡ್, ಕಡಕ್, ಗಾಡಿ ಕಚ್ಚಿಕೊಂಡು ಏರಿತು. ನಾಳೆ ಮತ್ತೆ ಅದೇ ಏರು.

"ಒಂದು ರೌಂಡ್ ಹೊಡ್ಕೊಂಡು ಬರೋಣ ಬನ್ನಿ ಡ್ರೈವರಮ್ಮ," ಎಂದು ಮೇಸ್ತ್ರಿ ತಾವೇ ಸ್ಟೀರಿಂಗ್ ಹಿಡಿದರು. ಅವಳು ಪಕ್ಕದಲ್ಲಿ ಕೂತಳು. ರೇಡಿಯೊ "ಹಿಂದಿನ ದೀಪ ನೋಡ್ಬೇಕು" ಎಂದು ಹಿಂದೆ ಮಂಚದ ಮೇಲೆ ಹತ್ತಿಕೊಂಡ. ಗೇಟು ದಾಟಿ, ಗೋದಾಮಿನ ಉದ್ದನೆಯ ಗೋಡೆ ದಾಟಿ, ಬೋಳು ಬಯಲಿನ ಪಕ್ಕದ ಟಾರ್ ರಸ್ತೆಗೆ ಬಂದರು. ರಸ್ತೆ ಅಂಗೈಯಷ್ಟು ಸಪಾಟು. ಗಾಡಿ ಸಂಕೋಚದ ಸೊಸೆಯ ಹಾಗೆ ಸದ್ದಿಲ್ಲದೆ ಓಡಿತು.

"ಫೋರಲ್ಲಿ ಹಾಕಿದ್ರೆ ಮಾತ್ರ ಬರೋದು," ಎಂದಳು ಅವಳು, ತೀರಾ ಮೆಲ್ಲಗೆ. ಫೋರ್ ಎಂದರೆ ನಾಲ್ಕೂ ಚಕ್ರಕ್ಕೆ ಶಕ್ತಿ, ಟೂ ಎಂದರೆ ಹಿಂದಿನೆರಡಕ್ಕೆ ಮಾತ್ರ.

"ಟಾರ್ ಮೇಲೆ ಫೋರ್ ಹಾಕೋದಾ?" ಮೇಸ್ತ್ರಿ ನಕ್ಕರು. "ಯಾವ ಪೆದ್ದ ಹಾಕ್ತಾನೆ ಹೇಳಿ? ಕೆಸರಲ್ಲಿ ಚಕ್ರ ಒಂದಿಷ್ಟು ಜಾರಿ ಹೊಂದ್ಕೊಳ್ಳತ್ತೆ. ಟಾರ್ ಜಾರೋಕೆ ಬಿಡಲ್ಲ. ಒಳಗೆಲ್ಲಾ ಹಿಂಡಿ ಹಿಪ್ಪೆಯಾಗಿ ಹೋಗತ್ತೆ."

ಅವಳು ಕಿಟಕಿಯ ಹೊರಗೆ ನೋಡಿದಳು. ಯಾವ ಪೆದ್ದ ಎಂಬುದು ಅವಳಿಗೆ ಗೊತ್ತಿತ್ತು, ಆ ಪೆದ್ದನ ರವಿಕೆಯ ಅಳತೆಯೂ ಗೊತ್ತಿತ್ತು. ಆವತ್ತು, ಎರಡು ವಾರದ ಹಿಂದೆ, ಕೆಸರಿನ ದಾರಿ ಮುಗಿದು ಟಾರ್ ಸಿಕ್ಕಾಗ ಅವಳು ಚಿಕ್ಕ ಲಿವರನ್ನು ಫೋರಿನಿಂದ ಟೂಗೆ ಎಳೆದಿದ್ದಳು. ಅದು ಬರಲಿಲ್ಲ. ಇನ್ನೊಮ್ಮೆ ಎಳೆದಳು, ಮೊಣಕೈ ಆವತ್ತು ಮುಂದೆ ಪಕ್ಕದಲ್ಲೇ ಕೂತಿದ್ದ ಡಾಕ್ಟರ ಮೊಣಕಾಲಿಗೆ ತಾಗಿತು. ಡಾಕ್ಟರು ಒಳ್ಳೆಯವರು, ಒಳ್ಳೆಯವರಾದ್ದರಿಂದಲೇ ತಮ್ಮ ಕನ್ನಡಕ ಸರಿಮಾಡಿಕೊಂಡು "ಸ್ವಲ್ಪ ಕೈ ಹಾಕ್ಲಾ?" ಎಂದು ಕೇಳಿದರು. ಆ ಪ್ರಶ್ನೆ ಒಳಗೆ ಹೋಗಿ ಎಲ್ಲೆಲ್ಲಿ ತಾಗಿತೋ. ಕೆಲಸಕ್ಕೆ ಸೇರುವ ದಿನ ಸಾರಿಗೆ ಸಾಹೇಬರು ಕಾಗದದಿಂದ ಕಣ್ಣೆತ್ತದೆ "ಲಿವರ್ ಎಳೆಯೋ ತಾಕತ್ತು ಇದ್ಯೇನಮ್ಮಾ?" ಎಂದಿದ್ದರಲ್ಲ, ಅಲ್ಲಿ ತಾಗಿತು. "ಇಲ್ಲ ಡಾಕ್ಟ್ರೇ, ಫೋರಲ್ಲೇ ಹೋಗೋಣ, ಹಿಡಿತ ಚೆನ್ನಾಗಿರತ್ತೆ" ಎಂದಳು, ಬೇಕೆಂದೇ ಬಿಟ್ಟವಳ ಹಾಗೆ. ನಲವತ್ತು ಕಿಲೋಮೀಟರ್. ಪ್ರತಿ ತಿರುವಿನಲ್ಲೂ ಮುಂದಿನ ಟೈರು ಕಿರುಚಿತು, ಸ್ಟೀರಿಂಗ್ ಹಟ ಹಿಡಿಯಿತು, ಅವಳು ರೇಡಿಯೇಟರಿಗೆ ಬಿಸಿಲು ತಾಗಿದೆ ಎಂಬಂಥ ಏನೋ ಒಂದು ಅರ್ಥವಿಲ್ಲದ ವಿವರಣೆ ಕೊಟ್ಟಳು. ಸಂಜೆ ಆಸ್ಪತ್ರೆಯ ಅಂಗಳದಲ್ಲಿ ನಿಲ್ಲಿಸಲು ಗಾಡಿಯನ್ನು ನಾಲ್ಕು ಮಾರು ಹಿಂದಕ್ಕೆ ಬಿಟ್ಟದ್ದೇ ತಡ, ಲಿವರು ತಾನಾಗಿ ಬೆಣ್ಣೆಯ ಹಾಗೆ ಕೈಗೆ ಬಂತು. ತಾಕತ್ತಿನ ಮಾತೇ ಅಲ್ಲ. ಒಳಗೆ ಬಿಗಿದುಕೊಂಡದ್ದು ಹಿಂದಕ್ಕೆ ಹೋದರೆ ಸಡಿಲವಾಗುತ್ತದೆ, ಅಷ್ಟೆ. ಅಷ್ಟು ಗೊತ್ತಿದ್ದಿದ್ದರೆ. ಕೇಳಿದ್ದಿದ್ದರೆ. ಮನೆಗೆ ಬಂದು ಗಂಡನಿಗೊಬ್ಬನಿಗೆ ಹೇಳಿದಳು. ಅವನು ದರ್ಜಿ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ "ಯಾರಾದ್ರೂ ಕೇಳಿದ್ರಾ?" ಎಂದ. ಇಲ್ಲ ಎಂದಳು. "ಮತ್ತೆ ನೀನ್ಯಾಕೆ ಹೇಳ್ತೀಯ? ನಾನು ಕತ್ತರಿ ತಪ್ಪಿದಾಗೆಲ್ಲ ಬಟ್ಟೆ ಕುಗ್ಗಿತು ಅಂತೀನಿ. ಇವತ್ತಿನವರೆಗೆ ಯಾವನೂ ಟೇಪ್ ತಗೊಂಡು ಬಂದಿಲ್ಲ."

ಕಡ್... ಕಡಕ್!

"ಬಂತು!" ಮೇಸ್ತ್ರಿ ಬ್ರೇಕ್ ಒತ್ತಿದರು. "ಕೇಳಿಸ್ತಾ?"

"ಅದೇ! ಅದೇ ಮೇಸ್ತ್ರಿ! ಅದೇ ನಾನು ಹೇಳಿದ್ದು!" ಅವಳು ಸೀಟಿನಲ್ಲಿ ಪೂರ್ತಿ ತಿರುಗಿ ಕೂತು ಕೂಗಿದಳು. ಎದೆಯೊಳಗೆ ಒಂದು ಹಕ್ಕಿ ಗೂಡು ಬಿಟ್ಟು ಹಾರಿದಂತಾಯಿತು. ಅವರಿಗೂ ಕೇಳಿಸಿದೆ, ಟೂನಲ್ಲೇ ಕೇಳಿಸಿದೆ, ಹಾಗಾದರೆ ಫೋರಿನ ಮಾತೇ ಎತ್ತಬೇಕಾಗಿಲ್ಲ, ಟಾರಿನ ಮಾತೇ ಬೇಡ, ಗುಂಡುಸೂಜಿ ಬಾಯಲ್ಲೇ ಇರಲಿ. ಅವಳು ಬಾಗಿಲು ತೆರೆದು ಧುಮುಕಿ, ರಸ್ತೆಯ ಮೇಲೆ ಅಂಗೈ ಊರಿ, ಸೀರೆಯ ಅಂಚು ಧೂಳಾಗುವುದನ್ನೂ ನೋಡದೆ ಗಾಡಿಯಡಿ ತಲೆ ತೂರಿಸಿದಳು. ಕೆಳಗೆ ಎಣ್ಣೆಯ ವಾಸನೆ, ಬಿಸಿ ಕಬ್ಬಿಣ, ತಣ್ಣಗೆ ತೂಗುವ ಒಂದು ಹುಲ್ಲಿನ ಎಸಳು. ಮೇಲೆ, ಮಂಚದ ಮೇಲಿಂದ, ಮತ್ತೆ ಕಡ್... ಕಡಕ್. ಗಾಡಿ ನಿಂತಿತ್ತು. ಇಂಜಿನ್ ಆರಿತ್ತು.

ನಿಂತ ಗಾಡಿ ಕಡಕ್ ಎನ್ನುವುದಿಲ್ಲ ಎಂಬುದು ತಲೆಗೆ ಹೋಗಲು ಅವಳಿಗೆ ಒಂದು ಉಸಿರಿನಷ್ಟು ಹೊತ್ತು ಹಿಡಿಯಿತು. ಮೇಲೆ ಇಬ್ಬರೂ ನಗುತ್ತಿದ್ದರು. ಮೇಸ್ತ್ರಿಯ ನಗು ಕೆಮ್ಮಾಗಿ, ಕೆಮ್ಮು ಮತ್ತೆ ನಗುವಾಗಿ ಸುತ್ತು ಹೊಡೆಯುತ್ತಿತ್ತು. ಅವಳು ತಲೆ ಹೊರಗೆ ತೆಗೆಯಲಿಲ್ಲ. ಗಾಡಿಯಡಿ ಒಂದು ರೀತಿಯ ಮನೆಯ ನೆರಳಿತ್ತು. ಅಲ್ಲಿ ಕೆನ್ನೆಯನ್ನು ಟಾರಿಗೆ ಹತ್ತಿರ ಇಟ್ಟುಕೊಂಡು ಅವಳು ಒಂದು ವಿಚಿತ್ರ ಸಂಗತಿಯನ್ನು ಗಮನಿಸಿದಳು: ತಾನು 'ಅದೇ ಅದೇ' ಎಂದು ಕೂಗುವಾಗ ಕಿವಿ ಒಪ್ಪಿತ್ತು, ಬಾಯಿ ಒಪ್ಪಿತ್ತು, ಎಡಗಾಲು ಒಪ್ಪಿರಲಿಲ್ಲ. ರೇಡಿಯೊನ ಸದ್ದು ತಲೆಯ ಹಿಂದಿನಿಂದ ಬಂತು. ಅವಳ ಸದ್ದು ಯಾವತ್ತೂ ಎಡ ಅಂಗಾಲಿನಿಂದ, ಕ್ಲಚ್ಚಿನ ಆಚೆ ಮೂಲೆಯ ತಗಡಿನಿಂದ, ಹಲ್ಲುನೋವಿನ ಹಾಗೆ ಮೇಲೇರುತ್ತಿತ್ತು. ಎರಡು ವಾರ 'ಎಲ್ಲಿಂದ ಬರತ್ತೆ?' ಎಂದು ತನ್ನನ್ನೇ ಕೇಳಿಕೊಂಡು 'ಎಲ್ಲಾ ಕಡೆಯಿಂದ' ಎಂದುಕೊಂಡಿದ್ದಳು, ಏಕೆಂದರೆ ತಪ್ಪು ಮಾಡಿದವರಿಗೆ ಸದ್ದು ಎಲ್ಲಾ ಕಡೆಯಿಂದ ಬರುತ್ತದೆ. ಈಗ ಒಬ್ಬ ತುಂಟ ಹಿಂದೆ ಕೂತು ಹಿಂದಿನದಲ್ಲ ಎಂದು ತೋರಿಸಿಕೊಟ್ಟಿದ್ದ. ಮುಂದೆ. ಎಡಗಡೆ.

"ಏನ್ ಸಿಕ್ತು ಡ್ರೈವರಮ್ಮ?" ಎಂದರು ಮೇಸ್ತ್ರಿ, ಕಣ್ಣೊರೆಸಿಕೊಳ್ಳುತ್ತ.

"ಸಿಕ್ತು," ಎಂದಳು ಅವಳು.

ಅದನ್ನೂ ಅವರು ತಮಾಷೆಯೆಂದೇ ತಿಳಿದರು.

ವರ್ಕ್‌ಶಾಪಿಗೆ ಮರಳುವಷ್ಟರಲ್ಲಿ ಸುದ್ದಿ ಅವರಿಗಿಂತ ಮುಂದೆ ಹೋಗಿತ್ತು, ರೇಡಿಯೊ ಫೋನಿನಲ್ಲಿ ಹೇಳಿಯಾಗಿತ್ತು. ಗೇಟಿನಲ್ಲಿ ಗಾಡಿ ಒಳಗೆ ಬರುವಾಗ ಮೂವರು ಮೂರು ಮೂಲೆಯಿಂದ ಕಡಕ್ ಎಂದರು. ಮೇಸ್ತ್ರಿ ತಮ್ಮ ಗಾಜಿನ ಕೋಣೆಯಿಂದ ಜಾಬ್ ಕಾರ್ಡ್ ತಂದರು. 'ದೂರು' ಎಂಬಲ್ಲಿ 'ಸದ್ದು' ಎಂದಷ್ಟೇ ಬರೆದಿತ್ತು, 'ಪರೀಕ್ಷೆ' ಎಂಬಲ್ಲಿ ರಬ್ಬರ್ ಸ್ಟಾಂಪು: ದೋಷ ಕಂಡುಬಂದಿಲ್ಲ. ಆ ಸ್ಟಾಂಪು ಎಷ್ಟು ಸವೆದಿತ್ತೆಂದರೆ 'ದೋಷ' ಮಾಸಿ 'ಕಂಡುಬಂದಿಲ್ಲ' ಮಾತ್ರ ಕಾಣುತ್ತಿತ್ತು. "ಇಲ್ಲೊಂದು ಸೈನ್ ಹಾಕಿ. ಹೊಸಬರಿಗೆ ಹಾಗೇ ಅನಿಸತ್ತೆ. ಗಾಡಿಗೂ ನಿಮಗೂ ಹೊಂದಾಣಿಕೆ ಆಗ್ಬೇಕು, ಅಷ್ಟೆ."

ಪೆನ್ನು ಅವಳ ಬೆರಳಿನಲ್ಲಿತ್ತು. ಸಹಿ ಹಾಕಿದರೆ ನಾಳೆ ಏರು. ಹಾಕದಿದ್ದರೆ ಏಕೆಂದು ಹೇಳಬೇಕು, ಹೇಳಿದರೆ ಆ ಮಾತು ಈ ತಗಡಿನ ಚಾವಣಿಯ ಕೆಳಗಿನ ಎಂಟು ಬಾಯಿಗಳಿಂದ ಸಾರಿಗೆ ಸಾಹೇಬರ ಮೇಜಿಗೆ ತಲುಪಲು ಒಂದು ಊಟದ ಹೊತ್ತು ಸಾಕು. ಗಂಡಸರಲ್ಲಿ ಒಬ್ಬ ಗಾಡಿ ಕೆಡಿಸಿದರೆ ಒಂದು ಗಾಡಿ ಕೆಟ್ಟಿತು ಎನ್ನುತ್ತಾರೆ. ಅವಳು ಕೆಡಿಸಿದರೆ ಹೆಂಗಸರೆಲ್ಲ ಸೇರಿ ಕೆಡಿಸಿದ ಹಾಗೆ. ಅವಳಿಗೆ ತನ್ನ ಆಕಳಿಕೆ ನೆನಪಾಯಿತು. ಎಷ್ಟು ಚೆನ್ನಾಗಿ ಆಕಳಿಸಿದ್ದಳು! ಡಾಕ್ಟರ ಎದುರು ಹಿಡಿತ ಚೆನ್ನಾಗಿರತ್ತೆ ಎಂದದ್ದೂ ಒಂದು ಆಕಳಿಕೆಯೇ. ಬಾಯಿ ತೆರೆದದ್ದು ಒಂದಕ್ಕೆ, ಬಿಟ್ಟದ್ದು ಇನ್ನೊಂದು. ಹೀಗೇ ಆಕಳಿಸುತ್ತ ಹೋದರೆ ಆರು ತಿಂಗಳು ಮುಗಿದು ಕಾಯಂ ಆಗುತ್ತದೆ, ಕಾಯಂ ಆಗಿ ಆಕಳಿಸಬಹುದು. ಸಾಕು ಎನಿಸಿತು. ಅಂಜಿಕೆ ಹೋಗಲಿಲ್ಲ, ಅಂಜಿಕೆಯ ಮೇಲೇ ಸಿಟ್ಟು ಬಂತು.

"ನಾನು ಟಾರ್ ಮೇಲೆ ಫೋರಲ್ಲಿ ಓಡ್ಸಿದೀನಿ," ಎಂದಳು. ಮೆಲ್ಲಗೆ ಹೇಳಬೇಕೆಂದಿದ್ದದ್ದು ಜೋರಾಗಿಯೇ ಬಂತು. "ನಲವತ್ತು ಕಿಲೋಮೀಟರ್. ಲಿವರ್ ಬರ್ಲಿಲ್ಲ, ಕೇಳೋಕೆ ನಾಚಿಕೆ ಆಯ್ತು. ಆ ಪೆದ್ದ ನಾನೇ."

ಸ್ಪಾನರ್ ಒಂದು ಎಲ್ಲೋ ನೆಲಕ್ಕೆ ಬಿತ್ತು. ಮೇಸ್ತ್ರಿಯ ಮುಖದಲ್ಲಿ ಮರುಕ ಮೂಡಿತು, ಗೆದ್ದವರಿಗೆ ಬರುವಂಥ ಮರುಕ. "ಅಯ್ಯೋ, ಮೊದ್ಲೇ ಹೇಳೋದಲ್ವಾ? ಹಾಗಾದ್ರೆ ನೀವೇ ಹಾಳು ಮಾಡಿದ್ದು."

"ಇರಬಹುದು. ಹಾಳಾಗಿದೆ ಅಂತ ಈಗ ಒಪ್ಕೊಂಡ್ರಲ್ಲ, ಎತ್ತಿ ನೋಡಿ. ಮುಂದೆ, ಎಡಗಡೆ."

ಎತ್ತಿದರು. ಮುಂದಿನ ಎರಡೂ ಚಕ್ರ ಗಾಳಿಯಲ್ಲಿ ನಿಂತವು. ಮುಂದಿನ ಚಕ್ರಗಳ ನಡುವಿನಲ್ಲಿ ಹಬ್ ಎಂಬ ಗುಂಡನೆಯ ಬಿಲ್ಲೆಯಿರುತ್ತದೆ. ಕೈಯಿಂದ ತಿರುಗಿಸಿ ಲಾಕ್ ಮಾಡಿದರೆ ಅದರೊಳಗಿನ ಹಲ್ಲಿನ ಬಳೆ ಜಾರಿಕೊಂಡು ಹೋಗಿ ಚಕ್ರವನ್ನೂ ಅಚ್ಚನ್ನೂ ಒಂದಾಗಿ ಕಚ್ಚಿ ಹಿಡಿಯುತ್ತದೆ. ಎರಡನ್ನೂ ಲಾಕ್ ಮಾಡಿದರು. ಮೇಸ್ತ್ರಿ ಕೆಳಗೆ ಬಗ್ಗಿ ಮುಂದಿನ ಚಕ್ರಗಳಿಗೆ ಶಕ್ತಿ ಒಯ್ಯುವ ಉದ್ದನೆಯ ಶಾಫ್ಟನ್ನು ಕೈಯಲ್ಲಿ ತಿರುಗಿಸಿದರು. ಚಕ್ರ ಅಂದವಾಗಿ ತಿರುಗಿತು. "ನೋಡಿ. ಎಲ್ಲಾ ಸರಿಯಾಗಿದೆ." ನಗು ಮತ್ತೆ ಮೂಗುಗಳಲ್ಲಿ ಸೇರತೊಡಗಿತು.

"ಗಾಳಿಯಲ್ಲಿರೋ ಚಕ್ರಕ್ಕೇನು ಕಷ್ಟ?" ಎಂದಳು ಅವಳು. "ನನ್ನ ಏರಲ್ಲಿ ಮುದುಕ ಮಲಗಿರ್ತಾನೆ. ಭಾರ ಬೇಕು. ಬಲಗಡೆ ಚಕ್ರಕ್ಕೆ ಹಲಗೆ ಕೊಡಿ. ಎಡಗಡೆದನ್ನ ಇಬ್ಬರು ತಬ್ಬಿ ಹಿಡೀರಿ. ರೇಡಿಯೊ, ನೀನೂ ಬಾ, ಬಾಯಿ ಮುಚ್ಕೊಂಡು ಹಿಡಿ."

ಅವಳೇ ಕೆಳಗೆ ತೂರಿದಳು. ಶಾಫ್ಟಿನ ಕೀಲಿಗೆ ಉದ್ದನೆಯ ಸಲಾಕೆ ಕೊಟ್ಟು ಎರಡೂ ಕೈಯಲ್ಲಿ ಮೀಟಿದಳು. ಹಿಡಿದ ಚಕ್ರ ತಿರುಗಬಾರದು, ಚಕ್ರ ತಿರುಗದಿದ್ದರೆ ಶಾಫ್ಟೂ ತಿರುಗಬಾರದು. ಮೊದಲು ತಿರುಗಲಿಲ್ಲ. ಬೆವರು ಕಣ್ಣಿಗಿಳಿಯಿತು, ತಾನು ನಾಲ್ಕು ತಿಂಗಳಿಂದ ಏನನ್ನು ಎಳೆಯುತ್ತಿದ್ದೇನೆ, ಯಾರಿಗೆ ತೋರಿಸಲು ಎಳೆಯುತ್ತಿದ್ದೇನೆ ಎಂಬ ಯೋಚನೆ ಬಂದು, ಬಂದಷ್ಟೇ ಬೇಗ ಹೋಯಿತು. ಇನ್ನೊಂದು ಸಲ ಮೀಟಿದಳು. ಶಾಫ್ಟು ಮೆತ್ತಗೆ, ಕಳ್ಳನ ಹಾಗೆ, ಅರ್ಧ ಗೇಣು ಜಾರಿತು. ಚಕ್ರ ಇದ್ದಲ್ಲೇ ಇತ್ತು. ಆಮೇಲೆ ರೇಡಿಯೊ ತಬ್ಬಿಕೊಂಡಿದ್ದ ಚಕ್ರದೊಳಗಿನಿಂದ, ಅವನ ಎದೆಗೆ ನೇರವಾಗಿ ಬಡಿದಂತೆ: ಕಡ್, ಕಡಕ್!

"ಅಮ್ಮಾ!" ಎಂದ ರೇಡಿಯೊ, ತನ್ನ ಸ್ವಂತ ದನಿಯಲ್ಲಿ.

ಆರು ಬೋಲ್ಟು ಬಿಚ್ಚಿದರು. ಮುಚ್ಚಳ ತೆಗೆದಾಗ ಹಲ್ಲೂ ಕಾಣಲಿಲ್ಲ, ಬಳೆಯೂ ಕಾಣಲಿಲ್ಲ. ಕಂಡದ್ದು ಗ್ರೀಸು. ಅಂಚಿನವರೆಗೂ ಗಿಡಿದು ತುಂಬಿದ, ದಪ್ಪನೆಯ ಹಳದಿ ಗ್ರೀಸು, ಮೇಲೆ ಒಂದು ಹೆಬ್ಬೆರಳಿನ ಗುಂಡನೆಯ ಒತ್ತು. ಮೇಸ್ತ್ರಿಯ ಹೆಬ್ಬೆರಳು ದಪ್ಪವೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಹಬ್ಬಿಗೆ ಗ್ರೀಸು ಸವರಿದರೆ ಸಾಕು. ತುಂಬಿದರೆ ಬಳೆಗೆ ಜಾರಲು ಜಾಗವೇ ಇರುವುದಿಲ್ಲ, ಅದು ಅರ್ಧ ಕಚ್ಚಿ ಅಲ್ಲೇ ನಿಲ್ಲುತ್ತದೆ. ಇದು ಮೇಸ್ತ್ರಿಗೆ ಗೊತ್ತಿಲ್ಲದ್ದಲ್ಲ. ಆದರೆ ಅವಳಿಗಿಂತ ಮೊದಲಿದ್ದ ಹಿರಿಯ ಡ್ರೈವರು ಪ್ರತಿ ಸರ್ವಿಸಿನಲ್ಲೂ ಮುಚ್ಚಳ ತೆಗೆಸಿ, ಬೆರಳು ಹಾಕಿ ನೋಡಿ, "ಗ್ರೀಸ್ ಹಾಕೋಕೂ ಜಿಪುಣತನಾನಾ?" ಎಂದು ಹಂಗಿಸುತ್ತಿದ್ದರು. ಹಂಗಿಸಿಕೊಳ್ಳಲಾರದೆ ತುಂಬಲು ಶುರುಮಾಡಿದ ಕೈ, ಆ ಹಿರಿಯರು ನಿವೃತ್ತರಾಗಿ ಮನೆಗೆ ಹೋದ ಮೇಲೂ ತುಂಬುತ್ತಲೇ ಇತ್ತು.

ಮೇಸ್ತ್ರಿ ಹೆಗಲಿನ ಬಟ್ಟೆ ತೆಗೆದರು.

"ಒರೆಸ್ಬೇಡಿ," ಎಂದಳು ಅವಳು.

"ಹಲ್ಲು ನೋಡೋದು ಬೇಡ್ವಾ?"

"ನೋಡೋಣ. ಎಲ್ಲರೂ ಒಂದ್ಸಲ ಹೀಗೇ ನೋಡ್ಲಿ, ಆಮೇಲೆ ಒರೆಸಿ."

ಒರೆಸಿದ ಮೇಲೆ ಹಲ್ಲುಗಳು ಕಂಡವು, ತುದಿಗಳೆಲ್ಲ ಚೀಪಿದ ಹಾಗೆ ದುಂಡಾಗಿದ್ದವು. ಮೇಸ್ತ್ರಿ ಅವಳನ್ನು ಪಕ್ಕಕ್ಕೆ ಕರೆದು, ಮೊದಲ ಸಲ ಅವಳ ಕಣ್ಣನ್ನೇ ನೋಡಿ ಮಾತಾಡಿದರು. "ಕೇಳಿ ತಾಯಿ. ನನ್ನ ಗ್ರೀಸಿಗೆ ಅರ್ಧ ಕಚ್ಚಿತ್ತು, ಸರಿ. ನಿಮ್ಮ ಟಾರಿಗೆ ಹಲ್ಲು ಹೋಯ್ತು, ಅದೂ ಸರಿ. ಇಬ್ಬರದ್ದೂ ಇಲ್ಲೇ ಮುಚ್ಚೋಣ. 'ಸಹಜ ಸವೆತ' ಅಂತ ಬರೀತೀನಿ. ಹೊಸ ಹಬ್ ಹಾಕ್ತೀನಿ, ನಾಳೆ ಗಾಡಿ ಏರತ್ತೆ. ಇನ್ನೆರಡು ತಿಂಗಳು ಕಳೆದ್ರೆ ನಿಮ್ಮದು ಕಾಯಂ. ಯಾರು ಕೇಳ್ತಾರೆ?"

ಯಾರಾದ್ರೂ ಕೇಳಿದ್ರಾ ಎಂದು ಗುಂಡುಸೂಜಿಯ ಸಂದಿನಿಂದ ಇನ್ನೊಂದು ದನಿ ಕೇಳಿತು. ಎಷ್ಟು ಸುಲಭ. ಮೇಸ್ತ್ರಿಯ ಮುಖ ಹತ್ತಿರದಿಂದ ವಯಸ್ಸಾದದ್ದಾಗಿ, ಕಂಗಾಲಾಗಿ ಕಂಡಿತು. ಆವತ್ತು ಅವಳು ಡಾಕ್ಟರಿಗೆ ಹಿಡಿತ ಚೆನ್ನಾಗಿರತ್ತೆ ಎಂದಂಥದ್ದೇ ಮಾತನ್ನು ಅವರೂ ಆಡುತ್ತಿದ್ದರು. ಅವಳಿಗೆ ಅವರ ಮೇಲೆ ಪ್ರೀತಿಯಂಥದ್ದೇ ಏನೋ ಉಕ್ಕಿತು. ಅದಕ್ಕೇ ಒಪ್ಪಲಿಲ್ಲ.

"ಉಳಿದ ಮೂರು ಗಾಡಿ ಹಬ್ಬಿಗೆ ಗ್ರೀಸ್ ತುಂಬಿದ್ದು ಯಾರು?"

ಮೇಸ್ತ್ರಿ ತಮ್ಮ ಹೆಬ್ಬೆರಳನ್ನು ಬಟ್ಟೆಯಲ್ಲಿ ಸುತ್ತಿಕೊಂಡರು.

"ಆ ಮೂರೂ ಈಗ ಗುಡ್ಡದ ಮೇಲಿವೆ. ಸಹಜ ಸವೆತ ಅಂದ್ರೆ ಯಾರೂ ಅದನ್ನ ಬಿಚ್ಚಿ ನೋಡಲ್ಲ ಮೇಸ್ತ್ರಿ. ಬರೀರಿ. ನಿಮ್ಮದು ಮಾತ್ರ ಅಲ್ಲ, ನನ್ನದೂ ಬರೀರಿ. ಮೊದಲು ನನ್ನದೇ ಬರೀರಿ."

"ಕೆಲಸ ಹೋದ್ರೆ?"

"ಹೋದ್ರೆ ಹೋಗ್ಲಿ. ಗಾಡಿ ಓಡಿಸೋಕೆ ಬರಲ್ಲ ಅಂತ ಕಳಿಸೋಕಾಗಲ್ಲ. ಓಡಿಸೋಕೂ ಬರತ್ತೆ, ಎಲ್ಲಿ ಕೆಟ್ಟಿದೆ ಅಂತ ಹೇಳೋಕೂ ಬರತ್ತೆ."

ಮೇಸ್ತ್ರಿ ಬಾನೆಟ್ಟಿನ ಮೇಲೆ ಕಾರ್ಡಿಟ್ಟು ಸ್ಟಾಂಪಿನ ಮೇಲೆ ಗೀಟೆಳೆದು ಅದನ್ನು ಹೊಡೆದುಹಾಕಿದರು. ಮೊದಲ ಸಾಲು ಬರೆದು ಪೆನ್ನೆತ್ತಿದರು. "ಕಾರಣ ಅಂತ ಒಂದು ಮನೆ ಇದೆ. ಲಿವರ್ ಬರ್ಲಿಲ್ಲ, ಸರಿ. ಯಾಕೆ ಕೇಳ್ಲಿಲ್ಲ ಅಂದ್ರೆ ಏನು ಬರೀಲಿ?"

"ನಾಚಿಕೆ."

"ಸರ್ಕಾರಿ ಕಾಗದದಲ್ಲಿ ನಾಚಿಕೆ ಬರೆಯೋ ಹಾಗಿಲ್ಲಮ್ಮ."

"ನಾಚಿಕೆ ಅಂತಲೇ ಬರೀರಿ. ನಿಮ್ಮದಕ್ಕೆ ಏನು ಬರೀತೀರೋ ನೀವೇ ನೋಡ್ಕೊಳ್ಳಿ."

ಮೇಸ್ತ್ರಿ ಎರಡನೇ ಸಾಲಿನ ಕಾರಣದ ಮನೆಯಲ್ಲಿ ಉರುಟು ಅಕ್ಷರದಲ್ಲಿ 'ಮರ್ಯಾದೆ' ಎಂದು ಬರೆದರು. ರೇಡಿಯೊ ಅವರ ಹೆಗಲ ಮೇಲಿಂದ ಬಗ್ಗಿ ನೋಡಿದ. ನೋಡಿ, ಹೊಟ್ಟೆ ಮುಂದೆ ತಂದು, ಇಲ್ಲದ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಮೂಗಿನಲ್ಲೊಮ್ಮೆ ಹೂಂಕಾರ ಮಾಡಿದ. ಶೆಡ್ಡಿನೊಳಕ್ಕೆ ಸಾಕ್ಷಾತ್ ಸಾರಿಗೆ ಸಾಹೇಬರೇ ಕಾಲಿಟ್ಟಂತಾಗಿ ಟೈರಿನವನು ಗೊತ್ತಿಲ್ಲದೆ ಎದ್ದು ನಿಂತ.

"ಏನ್ರೀ ಇದು? ಹಬ್ ಒಂದು, ಬೆಲೆ ಇಷ್ಟು. ಹಾಳಾದ ಕಾರಣ: ನಾಚಿಕೆ ನಲವತ್ತು ಕಿಲೋಮೀಟರ್, ಮರ್ಯಾದೆ ಒಂದು ಮುಷ್ಟಿ. ಇವೆರಡೂ ನಮ್ಮ ಸ್ಟೋರಲ್ಲಿ ಇವೆಯೇನ್ರೀ? ಇಂಡೆಂಟ್ ಹಾಕಿ ತರಿಸಿದ್ದಾ, ಮನೆಯಿಂದ ತಂದಿದ್ದಾ? ಈ ಹೆಣ್ಣುಮಗಳನ್ನ ಕರೀರಿ! ಲಿವರ್ ಎಳೆಯೋ ತಾಕತ್ತಿಲ್ಲ, ಇಡೀ ಆಫೀಸನ್ನೇ ಎಳೆದು ತಂದಿದ್ದಾಳೆ!"

ಎಲ್ಲರೂ ನಕ್ಕರು. ಮೇಸ್ತ್ರಿ ಕೆಮ್ಮಿ ಕೆಮ್ಮಿ ಬಂಪರ್ ಹಿಡಿದುಕೊಂಡರು. ನಾಳೆ ಬೆಳಿಗ್ಗೆ ಇದೇ ಮಾತನ್ನು ಆ ಮೇಜಿನ ಆಚೆಯಿಂದ, ನಗದ ಮುಖವೊಂದು ಹೇಳುತ್ತದೆ, ಆಗ ತಾನು ಒಬ್ಬಳೇ ನಿಂತಿರುತ್ತೇನೆ ಎಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೇ, ಗ್ರೀಸಿನ ಕೈಯಲ್ಲಿ ಪೆನ್ನು ತೆಗೆದುಕೊಂಡು ಎರಡೂ ಸಾಲಿನ ಕೆಳಗೆ ದೊಡ್ಡದಾಗಿ ಸಹಿ ಹಾಕಿದಳು. ಹಾಕುತ್ತ ಹಾಕುತ್ತಲೇ ನಗು ಅಂಗಾಲಿನಿಂದ ಏರಿ ಬಂತು, ಅದನ್ನು ಏನಾಗಿಯೂ ಬದಲಿಸದೆ ಹಾಗೇ ಹೊರಬಿಟ್ಟಳು, ಉಳಿದವರ ನಗು ನಿಂತು ತಗಡಿನ ಚಾವಣಿಯಲ್ಲಿ ಅವಳದೊಂದೇ ಉಳಿಯುವವರೆಗೆ.